ದಸ್ತಿಯ ಹಾಜರಿ

ಔರಾದ ಪಟ್ಟಣದ ಸಾರ್ವಜನಿಕ ವಿದ್ಯುತ್ ವಾಹನ ಚಾರ್ಜಿಂಗ್ ಕೇಂದ್ರವು ಉದ್ಘಾಟನೆಯಾದ ದಿನದಿಂದ ಈವರೆಗೆ ಒಂದು ಗಳಿಗೆಯೂ ಖಾಲಿ ಬಿದ್ದಿಲ್ಲ. ಅದೇ ಅವಧಿಯಲ್ಲಿ ಅಲ್ಲಿ ಒಂದು ಕಾರೂ ಚಾರ್ಜ್ ಆಗಿಲ್ಲ. ಕೇಂದ್ರವನ್ನು ನಡೆಸುವ ತಾಲ್ಲೂಕು ಹಸಿರು ಸಂಚಾರ ಸಮಿತಿಯು ಈ ಎರಡೂ ಸಂಗತಿಗಳನ್ನು ತನ್ನ ವಾರ್ಷಿಕ ವರದಿಯಲ್ಲಿ ಸಾಧನೆಗಳ ಸಾಲಿನಲ್ಲಿ ಸೇರಿಸಿದ್ದು, ವರದಿಯನ್ನು ಓದಿದ ಮೇಲಧಿಕಾರಿಗಳು ಸಂತೋಷ ವ್ಯಕ್ತಪಡಿಸಿದ್ದಾರೆ.

ಠಾಣಾ ಕುಶನೂರಿನ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದ ಸುಸನ್ನಾಳಿಗೆ ಈ ಸಾಧನೆಯ ಸುದ್ದಿ ತಿಳಿದಿರಲಿಲ್ಲ. ತಿಳಿದಿದ್ದರೆ ಆ ಬುಧವಾರ ಮುಂಜಾನೆ ಅವಳು ಕಾರು ಹತ್ತುತ್ತಿರಲಿಲ್ಲ. ನಡೆದುಕೊಂಡಾದರೂ ಬೀದರ ಕಡೆಗೆ ಹೊರಟುಬಿಡುತ್ತಿದ್ದಳು.

ಅಂದು ಬೀದರಿನಲ್ಲಿ ಅವಳ ಇಲಾಖೆಯ ವರ್ಗಾವಣೆ ಕೌನ್ಸೆಲಿಂಗ್ ಇತ್ತು. ಒಂಬತ್ತು ವರ್ಷದಿಂದ ಸುಸನ್ನಾ ಕುಶನೂರಿನಲ್ಲಿ ಒಂದು ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಇದ್ದಳು. ಗಂಡ ಕ್ರಿಸ್ಟೋಫರ ಭಾಲ್ಕಿಯಲ್ಲಿ ಶಾಲಾ ಮಾಸ್ತರ. ಮಗಳು ಜಾಯ್ಸ ಅಪ್ಪನ ಹತ್ತಿರ ಇದ್ದು ಮೂರನೆಯ ಇಯತ್ತೆ ಓದುತ್ತಿದ್ದಳು. ಶನಿವಾರ ಸಂಜೆ ಬಸ್ಸಿಳಿದು ಬಂದು ಸೋಮವಾರ ನಸುಕಿನಲ್ಲಿ ಎದ್ದು ಹೋಗುವ ತಾಯಿಯನ್ನು ಆ ಕೂಸು ಬೀಗರು ಬಂದಂತೆ ಉಪಚರಿಸಲು ಕಲಿತಿತ್ತು. ಬಾಗಿಲಿಗೆ ಬಂದು ನೀರು ಕೊಡುತ್ತಿತ್ತು, ಪ್ರಯಾಣ ಹೇಗಾಯಿತೆಂದು ಕೇಳುತ್ತಿತ್ತು. ನೆರೆಹೊರೆಯವರು ಎಂಥ ಸಂಸ್ಕಾರವಂತ ಹುಡುಗಿ ಎಂದು ಹೊಗಳಿದಾಗಲೆಲ್ಲ ಸುಸನ್ನಾ ಎದ್ದು ಒಳಗೆ ಹೋಗುತ್ತಿದ್ದಳು.

ಈ ಸಲ ಭಾಲ್ಕಿಯಲ್ಲಿ ಒಂದು ಹುದ್ದೆ ಖಾಲಿಯಾಗಿತ್ತು. ಸೇವಾ ಹಿರಿತನದಲ್ಲಿ ಸುಸನ್ನಾಳದು ಮೂರನೆಯ ನಂಬರು. ಅವಳಿಗಿಂತ ಮೇಲಿದ್ದ ಇಬ್ಬರಿಗೂ ಬೀದರ ಶಹರವೇ ಬೇಕಿತ್ತು. ಅವಳು ಮಾಡಬೇಕಾದದ್ದು ಇಷ್ಟೇ: ಹೆಸರು ಕರೆದಾಗ ಎದ್ದು ನಿಂತು ‘ಭಾಲ್ಕಿ’ ಅನ್ನಬೇಕು. ಈ ಒಂದು ಮಾತನ್ನು ಅವಳು ಹದಿನೈದು ದಿನದಿಂದ ಕನ್ನಡಿಯ ಮುಂದೆ ಅಂದು ನೋಡಿಕೊಂಡಿದ್ದಳು. ಕ್ರಿಸ್ಟೋಫರ ಶಾಲೆಗೆ ರಜೆ ಹಾಕಿ, ಮಗಳನ್ನು ಕರೆದುಕೊಂಡು, ಮುಂಜಾನೆಯೇ ಬೀದರಿಗೆ ಹೋಗಿ ಕೌನ್ಸೆಲಿಂಗ್ ನಡೆಯುವ ಸಭಾಂಗಣದಲ್ಲಿ ಕೂತಿದ್ದ.

ಕಾರಿನ ವಿಷಯ ಹೇಳಬೇಕು. ಅದು ಹಂಚಿಕೆಯ ಕಾರು. ಕುಶನೂರಿನ ಹೈಸ್ಕೂಲು ಮಾಸ್ತರ ಶಿವರಾಜ, ಬ್ಯಾಂಕಿನ ಪ್ರಮಿಲಾ ಮತ್ತು ಸುಸನ್ನಾ ಮೂವರೂ ಕೂಡಿ ಕೊಂಡದ್ದು. ನಾಲ್ಕು ಜನ ಕೂಡಿ ಹೋದರೆ ಗಾಳಿ ಸ್ವಚ್ಛವಾಗುತ್ತದೆ, ಪೆಟ್ರೋಲು ಉಳಿಯುತ್ತದೆ, ದೇಶ ಮುಂದೆ ಹೋಗುತ್ತದೆ ಎಂಬ ಜಾಹೀರಾತು ನೋಡಿ ಕೊಂಡಿದ್ದರು. ಕಾರನ್ನು ಯಾರು ಯಾವ ದಿನ ಓಡಿಸಬೇಕೆಂಬುದು ಬರಾಬ್ಬರಿ ಗೊತ್ತಾಗಿತ್ತು. ಯಾರು ಯಾವ ದಿನ ಚಾರ್ಜಿಗೆ ಹಚ್ಚಬೇಕೆಂಬುದು ಮಾತ್ರ ಗೊತ್ತಾಗಿರಲಿಲ್ಲ. ಮಂಗಳವಾರ ಸಂಜೆ ಈ ಬಗ್ಗೆ ಫೋನಿನಲ್ಲಿ ಸವಿಸ್ತಾರ ಚರ್ಚೆ ನಡೆದು, ಸರದಿ ಶಿವರಾಜನದೆಂದು ಒಮ್ಮತಕ್ಕೆ ಬರುವಷ್ಟರಲ್ಲಿ ಊರಿನ ಕರೆಂಟು ಬಂದು ಹೋಗಿಯೂ ಆಗಿತ್ತು.

“ಚಿಂತಿ ಮಾಡಬ್ಯಾಡ್ರಿ ಸಿಸ್ಟರ್,” ಎಂದ ಶಿವರಾಜ ಸ್ಟೇರಿಂಗ್ ಹಿಡಿದು. “ಔರಾದ ತನಕ ಹೋಗತದ. ಅಲ್ಲಿ ಸರಕಾರಿ ಚಾರ್ಜಿಂಗ್ ಅದ. ಅರ್ಧ ತಾಸು ಹಚ್ಚಿದ್ರ ಬೀದರ ಮುಟ್ಟಿ ಉಳೀತದ.”

ಶಿವರಾಜ ಸುಳ್ಳು ಹೇಳುವವನಲ್ಲ. ಔರಾದ ತನಕ ಕಾರು ಹೋಯಿತು.

ಕೇಂದ್ರದಲ್ಲಿ ಎರಡು ಯಂತ್ರಗಳಿದ್ದವು. ಎರಡರಲ್ಲಿಯೂ ಹಸಿರು ದೀಪ ಉರಿಯುತ್ತಿತ್ತು. ಸುತ್ತ ಒಂದೂ ಕಾರು ಇರಲಿಲ್ಲ. ರೊಟ್ಟಿ ಜಾರಿ ತುಪ್ಪದಲ್ಲಿ ಬಿತ್ತೆಂದು ಸುಸನ್ನಾ ದೇವರಿಗೆ ಸ್ತೋತ್ರ ಹೇಳಿದಳು. ಶಿವರಾಜ ಕಾರನ್ನು ಮೊದಲನೆಯ ಯಂತ್ರದ ಮುಂದೆ ನಿಲ್ಲಿಸಿ, ಇಳಿದು, ಚಾರ್ಜರಿನ ಹಿಡಿಕೆಗೆ ಕೈ ಹಾಕಲು ಹೋದವನು ಕಾದ ತವೆ ಮುಟ್ಟಿದಂತೆ ಹಿಂದೆ ಸರಿದ.

ಹಿಡಿಕೆಯ ಮೇಲೆ ಒಂದು ದಸ್ತಿ ಇತ್ತು.

ಕೆಂಪಂಚಿನ ಬಿಳಿ ದಸ್ತಿ, ನೀಟಾಗಿ ಹಾಸಿತ್ತು. ಬೀದರ ಸೀಮೆಯಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಒಳಗೆ ಬೀಳುವ ಕೈವಸ್ತ್ರದ ಮಹಿಮೆ ಗೊತ್ತಿಲ್ಲದವರು ಯಾರೂ ಇಲ್ಲ. ಸೀಟಿನ ಮೇಲೆ ದಸ್ತಿ ಬಿತ್ತೆಂದರೆ ಸೀಟು ಆಯಿತು. ದಸ್ತಿಯ ಧಣಿ ಹೊರಗೆ ಚಹಾ ಕುಡಿಯುತ್ತಿರಬಹುದು, ಬೀಡಿ ಸೇದುತ್ತಿರಬಹುದು, ಇನ್ನೂ ಮನೆಯಲ್ಲಿ ಸ್ನಾನ ಮಾಡುತ್ತಿರಬಹುದು. ಅದನ್ನು ಎತ್ತಿ ಬದಿಗಿಡುವ ಗಂಡಸು ಈ ಭಾಗದಲ್ಲಿ ಹುಟ್ಟಿಲ್ಲ. ಸುಸನ್ನಾ ಸಹ ಪ್ರತಿ ಶನಿವಾರ ಭಾಲ್ಕಿ ಬಸ್ಸಿನ ಕಿಟಕಿಯಲ್ಲಿ ತನ್ನ ದಸ್ತಿ ತೂರಿದವಳೇ. ಮಂದಿಯ ದಸ್ತಿಯನ್ನು ಅವಳು ಒಂದು ದಿನವೂ ಸರಿಸಿರಲಿಲ್ಲ. ತುಂಬಿದ ಬಸ್ಸಿನಲ್ಲಿ ದಸ್ತಿಗಳು ಕೂತು ಮನುಷ್ಯರು ನಿಂತು ಹೋಗುವುದನ್ನು ಎಷ್ಟೋ ಸಲ ಕಂಡಿದ್ದಳು, ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಕೇಂದ್ರದ ವ್ಯವಸ್ಥಾಪಕ ಸಾರಂಗ ಹೊರಗೆ ಬಂದ. ಅವನ ಹೆಗಲ ಮೇಲೂ ಕೆಂಪಂಚಿನ ದಸ್ತಿಯಿತ್ತು.

“ಸಾಹೇಬ್ರ, ಇದರ ಕಾರು ಎಲ್ಲಿ ಅದರಿ?” ಎಂದಳು ಸುಸನ್ನಾ.

“ಕಾರಿಲ್ರಿ. ದಸ್ತಿ ಅದ.”

“ದಸ್ತಿಗಿ ಚಾರ್ಜ್ ಹತ್ತತದೇನ್ರಿ?”

“ಅದು ಟೆಕ್ನಿಕಲ್ ಪ್ರಶ್ನಿ ಆತ್ರಿ. ನಮ್ಮ ಜಿಮ್ಮೇದಾರಿ ಸರದಿ ಅಷ್ಟೇ.” ಸಾರಂಗ ವಿನಯದಿಂದ ಗೋಡೆಯ ಕಡೆಗೆ ಕೈ ತೋರಿಸಿದ. ಅಲ್ಲಿ ಗಾಜಿನ ಚೌಕಟ್ಟಿನಲ್ಲಿ ಒಂದು ಸುತ್ತೋಲೆ ತೂಗುತ್ತಿತ್ತು:

‘ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ದಸ್ತಿ ಇರುವಲ್ಲಿ ದಸ್ತಿಯ ಧಣಿಯು ಖುದ್ದು ಹಾಜರಿರುವುದಾಗಿ ಪರಿಗಣಿಸತಕ್ಕದ್ದು. ದಸ್ತಿಯನ್ನು ಸರಿಸುವುದು, ಮಡಚುವುದು, ಅದರಿಂದ ಮುಖ ಒರೆಸಿಕೊಳ್ಳುವುದು ಧಣಿಯ ಮೈಮೇಲೆ ಕೈ ಮಾಡಿದ್ದಕ್ಕೆ ಸಮ. ಸಮಿತಿಯು ಅನುಮೋದಿಸಿದ ದಸ್ತಿಗಳಿಗೆ ಮಾತ್ರ ಈ ಸೌಲಭ್ಯವಿರುತ್ತದೆ. ಸದರಿ ನಿಯಮವು ಜಿಲ್ಲೆಯ ಸಮಸ್ತ ಸಾರ್ವಜನಿಕ ಸ್ಥಳಗಳಿಗೆ ಅನ್ವಯಿಸುವುದು.’

ತಾಲ್ಲೂಕಿನ ಸಮಿತಿಗೆ ಇಡೀ ಜಿಲ್ಲೆಯ ಮೇಲೆ ಅಧಿಕಾರ ಎಲ್ಲಿಂದ ಬಂತೆಂದು ಸುತ್ತೋಲೆ ಮಂಜೂರಾದ ಸಭೆಯಲ್ಲಿ ಒಬ್ಬರು ಎದ್ದು ಆಕ್ಷೇಪಿಸಿದ್ದರಂತೆ. ಆದರೆ ಅವರು ತಮ್ಮ ಖುರ್ಚಿಗೆ ದಸ್ತಿ ಹಾಸಿರಲಿಲ್ಲವಾದ್ದರಿಂದ ಸಭೆಯಲ್ಲಿ ಇರಲೇ ಇಲ್ಲವೆಂದು ದಾಖಲಾಯಿತು. ಜಿಲ್ಲೆಯ ಉಳಿದ ಕಚೇರಿಗಳು ಸುತ್ತೋಲೆಯನ್ನು ಓದದೆ ಫೈಲಿಗೆ ಸೇರಿಸಿದವು, ಹಾಗಾಗಿ ಅದು ಎಲ್ಲ ಕಡೆಗೂ ಜಾರಿಗೆ ಬಂತು. ಅನುಮೋದಿತ ದಸ್ತಿಗಳು ಕೇಂದ್ರದ ಎದುರಿನ ಅಂಗಡಿಯಲ್ಲಿ ಸಿಗುತ್ತಿದ್ದವು. ಅಂಗಡಿ ಸಾರಂಗನ ಹೆಂಡತಿಯ ತಮ್ಮನದು.

“ಈ ದಸ್ತಿ ಯಾರದರಿ?” ಎಂದು ಶಿವರಾಜ ಸಣ್ಣ ದನಿಯಲ್ಲಿ ಕೇಳಿದ.

“ಅಜಿಂಕ್ಯ ಸಾಹೇಬರದು.”

ಅಜಿಂಕ್ಯ ಔರಾದದ ಯುವ ಮುಖಂಡ. ಊರಿನ ಎಲ್ಲ ಬ್ಯಾನರುಗಳಲ್ಲಿ ಕೈ ಮುಗಿದು ನಿಂತಿರುವವನು. ಸುಸನ್ನಾ ಸಾರಂಗನಿಂದ ನಂಬರು ಪಡೆದು ಫೋನು ಹಚ್ಚಿದಳು. ಅಜಿಂಕ್ಯ ಬಹಳ ಗೌರವದಿಂದ ಮಾತಾಡಿದ.

“ನಿಮ್ಮ ಕಾರು ಯಾವಾಗ ಬರತದರಿ, ಅಣ್ಣಾ?”

“ಕಾರು ಇನ್ನೂ ತಗೊಂಡಿಲ್ರಿ ಸಿಸ್ಟರ್. ಬಣ್ಣದ ಫೈಸಲಾ ಆಗವಲ್ದು. ಮನ್ಯಾಗ ಬಿಳಿ ಅಂತಾರ, ಕಾರ್ಯಕರ್ತರು ಕಪ್ಪು ಅಂತಾರ.”

“ಹಂಗಾದ್ರ ಅರ್ಧ ತಾಸು ನಿಮ್ಮ ದಸ್ತಿ ಬಾಜೂಕ ಇಡ್ತೇವ್ರಿ. ನನಗ ಬೀದರ ಹೋಗೋದು ಭಾಳ ಜರೂರ್ ಅದ. ಮಗಳ ಹಂತ್ಯಾಕ ವರ್ಗ ಆಗೋದದ.”

ಅಜಿಂಕ್ಯ ಮನಸ್ಸು ನೊಂದವನಂತೆ ಹೇಳಿದ: “ಸಿಸ್ಟರ್, ನಿಮ್ಮ ತ್ರಾಸ ನನಗ ತಿಳೀತದ. ಆದ್ರ ಇವತ್ತು ದಸ್ತಿ ಸರಿಸಿದ್ರ ನಾಳಿ ನನ್ನ ಟಿಕೆಟ್ಟೂ ಸರಿಸ್ತಾರ. ರಾಜಕೀಯದಾಗ ಜಾಗಾ ಬಿಡಬಾರದ್ರಿ.” ನಿಮ್ಮ ಮಗಳಿಗೆ ನನ್ನ ಆಶೀರ್ವಾದ ತಿಳಿಸಿರಿ ಎಂದು ಹೇಳಿ ಇಟ್ಟುಬಿಟ್ಟ.

ಎರಡನೆಯ ಯಂತ್ರದ ಮೇಲೆ ದಸ್ತಿ ಇರಲಿಲ್ಲ. ಅದಕ್ಕೆ ಅಡ್ಡಲಾಗಿ ಗುಲಾಬಿ ರಿಬ್ಬನ್ನು ಮಾತ್ರ ಇತ್ತು. ಉದ್ಘಾಟನೆಯ ದಿನ ಮುಖ್ಯ ಅತಿಥಿಗಳು ಒಂದು ರಿಬ್ಬನ್ನು ಕತ್ತರಿಸಿ, ಭಾಷಣ ಮಾಡಿ, ಊಟದ ಹೊತ್ತಾಯಿತೆಂದು ಹೊರಟುಹೋಗಿದ್ದರು. ಎರಡನೆಯದನ್ನು ಕತ್ತರಿಸುವುದು ಉಳಿದಿತ್ತು. ಅತಿಥಿಗಳ ತಾರೀಖು ಸಿಗುವವರೆಗೆ ಆ ಯಂತ್ರ ಹುಟ್ಟಿಲ್ಲವೆಂದೇ ಲೆಕ್ಕ ಎಂದು ಸಾರಂಗ ವಿವರಿಸಿದ. ಸುಸನ್ನಾ ತನ್ನ ಬ್ಯಾಗಿನಲ್ಲಿ ಬ್ಯಾಂಡೇಜು ಕತ್ತರಿಸುವ ಕತ್ತರಿ ಇದೆ ಎಂದಳು. ಸಾರಂಗ ನಕ್ಕು, ಬೆಳ್ಳಿಯ ಕತ್ತರಿಯೇ ಆಗಬೇಕು ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ; ಇಲ್ಲಿ ಪೂಜಾರಿ ಕೊಡಲು ತಯಾರಿದ್ದ, ನಿಯಮ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಶಿವರಾಜ ಎದುರಿನ ಅಂಗಡಿಗೆ ಹೋಗಿ ಅನುಮೋದಿತ ದಸ್ತಿಯೊಂದನ್ನು ಕೊಂಡು ತಂದಿದ್ದ. ಯಂತ್ರದ ಪಕ್ಕದಲ್ಲಿ ಕಟ್ಟಿದ್ದ ತಂತಿಯ ಮೇಲೆ ಸರದಿಯ ದಸ್ತಿಗಳು ಒಗೆದ ಬಟ್ಟೆಯಂತೆ ಸಾಲಾಗಿ ತೂಗುತ್ತಿದ್ದವು. ತಾಲ್ಲೂಕಿನಲ್ಲಿ ಅಷ್ಟು ವಿದ್ಯುತ್ ಕಾರುಗಳು ಇರಲಿಲ್ಲ; ಕೆಲವರು ಮುಂದೆಂದಾದರೂ ಕಾರು ಕೊಳ್ಳಬಹುದಾದ ಮೊಮ್ಮಕ್ಕಳ ಹೆಸರಿನಲ್ಲಿ ಹಾಕಿದ್ದರು. ಶಿವರಾಜ ಕೊನೆಯಲ್ಲಿ ತನ್ನದನ್ನು ಜೋಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ತೃಪ್ತಿಯಿಂದ, “ನಮ್ದೂ ನಂಬರ್ ಹತ್ತಿತ್ರಿ ಸಿಸ್ಟರ್,” ಎಂದ.

ಸುಸನ್ನಾಳಿಗೆ ಅವನನ್ನು ಹಿಡಿದು ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಕಾರಿನಲ್ಲಿ ಅವನದೂ ಮೂರನೆಯ ಒಂದು ಪಾಲಿತ್ತು.

ಅವಳು ಬಸ್ ನಿಲ್ದಾಣಕ್ಕೆ ಓಡಿದಳು. ನಿಲ್ದಾಣದಲ್ಲಿ ಜನರಿದ್ದರು, ದನಗಳಿದ್ದವು, ಬಸ್ಸುಗಳಿರಲಿಲ್ಲ. ‘ಸಾರ್ವಜನಿಕ ಸಾರಿಗೆಯನ್ನೇ ಬಳಸಿರಿ’ ಎಂಬ ಜಾಗೃತಿ ಸಮಾವೇಶಕ್ಕೆ ಜನರನ್ನು ಒಯ್ಯಲು ಅಂದು ಸಂಘಟಕರು ಆ ದಿನದ ಬಸ್ಸುಗಳನ್ನೆಲ್ಲ ಬಾಡಿಗೆಗೆ ಹಿಡಿದಿದ್ದರು. ಬಿಸಿಲು ಏರುತ್ತಿತ್ತು. ಅವಳು ಮತ್ತೆ ಕೇಂದ್ರಕ್ಕೆ ಬಂದು, ಕಟ್ಟೆಯ ಮೇಲೆ ಕೂತು, ಯಾರ ಮುಲಾಜೂ ಇಲ್ಲದೆ ಅತ್ತಳು. ಸಾರಂಗ ಕೆಟ್ಟವನಲ್ಲ, ಅವಳಿಗೆ ನೀರು ತರಿಸಿ ಕೊಟ್ಟ. ಕಣ್ಣೊರೆಸಲು ತನ್ನ ಹೆಗಲ ದಸ್ತಿಯನ್ನು ಕೊಡಹೋದವನು, ಸುತ್ತೋಲೆ ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡ.

ಆಗ ಕ್ರಿಸ್ಟೋಫರನ ಫೋನು ಬಂತು.

“ಎಲ್ಲಿ ಇದ್ದಿ? ಒಂದನೇ ನಂಬರ್ ಕರೆದ್ರು.”

ಸುಸನ್ನಾ ಗೋಡೆಯ ಕಡೆಗೆ ನೋಡಿದಳು. ಚೌಕಟ್ಟಿನ ಕೊನೆಯ ಸಾಲು ಅವಳ ಕಣ್ಣಿಗೆ ಬಿತ್ತು: ಜಿಲ್ಲೆಯ ಸಮಸ್ತ ಸಾರ್ವಜನಿಕ ಸ್ಥಳಗಳಿಗೆ. ತಲೆಯಲ್ಲಿ ಏನೋ ಝಗ್ಗೆಂದಿತು.

“ನಿನ್ನ ಹಂತ್ಯಾಕ ದಸ್ತಿ ಅದ ಏನು?”

“ಅದ. ಹೋದ ವಾರ ಔರಾದಿಂದ ನೀನೇ ತಂದು ಕೊಟ್ಟಿದ್ದಿ, ಕೆಂಪಂಚಿಂದು.”

“ನನ್ನ ಖುರ್ಚಿ ಮ್ಯಾಲ ಹಾಸು. ಕೇಳಿದ್ರ ನಾ ಹಾಜರ್ ಇದ್ದೇನಿ ಅಂತ ಹೇಳು. ಸುತ್ತೋಲಿ ಕಳಸ್ತೇನಿ.”

ಸಾರಂಗನ ಸಂತೋಷಕ್ಕೆ ಪಾರವಿರಲಿಲ್ಲ. ತನ್ನ ಸಮಿತಿಯ ನಿಯಮದಿಂದ ಒಬ್ಬರಿಗಾದರೂ ಉಪಯೋಗವಾದದ್ದು ಅದೇ ಮೊದಲು. ಸುತ್ತೋಲೆಯ ಫೋಟೊ ತೆಗೆದು, ಮೊಹರು ಸ್ಪಷ್ಟವಾಗಿ ಕಾಣುವಂತೆ, ತಾನೇ ಕ್ರಿಸ್ಟೋಫರನ ಮೊಬೈಲಿಗೆ ಕಳಿಸಿದ. “ನೋಡ್ರಿ ಸಿಸ್ಟರ್, ಕಾನೂನು ಅಂದ್ರ ಬಡವರಿಗೂ ಆಗತದ,” ಎಂದ. ಸ್ವಲ್ಪ ಹೊತ್ತಿನಲ್ಲಿ ಕ್ರಿಸ್ಟೋಫರನ ಮೆಸೇಜು ಬಂತು: ಸಾಹೇಬರು ಸುತ್ತೋಲೆ ನೋಡಿದರು, ಒಪ್ಪಿದರು, ದಸ್ತಿಯ ಹೆಸರಿಗೆ ಹಾಜರಿ ಬಿತ್ತು.

ಸುಸನ್ನಾಳ ಎದೆಯ ಭಾರ ಇಳಿಯಿತು. ಬೀದರಿನ ಕಡೆಗೆ ಸೋಯಾ ಚೀಲ ಹೇರಿಕೊಂಡು ಹೊರಟಿದ್ದ ಟೆಂಪೋ ಒಂದು ಸಿಕ್ಕಿತು. ಚಾಲಕ ಕಲೀಮನ ಪಕ್ಕದಲ್ಲಿ ಕೂತು ಅವಳು ದಾರಿಯುದ್ದಕ್ಕೂ ಭಾಲ್ಕಿಯ ಮನೆಯನ್ನೇ ನೆನೆದಳು. ಇನ್ನು ಮುಂದೆ ಮುಂಜಾನೆ ಮಗಳ ಜಡೆ ತಾನೇ ಹಾಕಬಹುದು. ಜ್ವರ ಬಂದರೆ ಊರ ಮಂದಿಯ ಮಕ್ಕಳಿಗೆ ಕೊಟ್ಟಂತೆ ತನ್ನ ಮಗಳಿಗೂ ಔಷಧಿ ಕುಡಿಸಬಹುದು. ಟೆಂಪೋ ಎರಡು ಕಡೆ ಕೆಟ್ಟು ನಿಂತಾಗಲೂ ಅವಳು ಗಾಬರಿಯಾಗಲಿಲ್ಲ. ಗಾಬರಿಯಾಗುವ ಕಾರಣವಿರಲಿಲ್ಲ, ಅವಳು ಆಗಲೇ ಬೀದರಿನಲ್ಲಿದ್ದಳು.

ಸಭಾಂಗಣ ಮುಟ್ಟಿದಾಗ ಕೌನ್ಸೆಲಿಂಗ್ ಇನ್ನೂ ಮುಗಿದಿರಲಿಲ್ಲ. ಮುಂದಿನ ಸಾಲಿನ ಖುರ್ಚಿಯೊಂದರ ಮೇಲೆ ಕೆಂಪಂಚಿನ ದಸ್ತಿ ಗಂಭೀರವಾಗಿ ಕೂತಿತ್ತು. ಫ್ಯಾನಿನ ಗಾಳಿಗೆ ಅದು ಹಾರದಂತೆ ಜಾಯ್ಸ ಒಂದು ತುದಿ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದಳು. ಕ್ರಿಸ್ಟೋಫರ ಎದ್ದು ಬಂದ. ಅವನ ಮುಖ ನೋಡಿದ ಕೂಡಲೇ ಸುಸನ್ನಾ ಕೇಳಿದಳು:

“ಏನಾತು?”

“ಸಾಹೇಬ್ರು ದಸ್ತಿಗಿ ಕೇಳಿದ್ರು, ಭಾಲ್ಕಿ ಒಪ್ಪಿಗಿ ಅದ ಏನು ಅಂತ. ಮೂರು ಸಲ ಕೇಳಿದ್ರು.”

“ನೀ ಹೇಳಬೇಕಿಲ್ಲೋ?”

“ಹೇಳಿದೆ. ಅದರಿ, ಅದರಿ ಅಂತ ಒದರಿದೆ. ಅಭ್ಯರ್ಥಿ ಖುದ್ದು ಹಾಜರಿದ್ದಾಗ ಬಾಜೂದವರು ಮಾತಾಡಂಗಿಲ್ಲ, ಸುಮ್ಮ ಕೂಡ್ರಿ ಅಂದ್ರು.”

ಸುಸನ್ನಾ ವೇದಿಕೆಗೆ ಹೋದಳು. ಕೌನ್ಸೆಲಿಂಗ್ ಅಧಿಕಾರಿ ರತ್ನದೀಪ ಸಾಹೇಬರು ಕನ್ನಡಕ ಏರಿಸಿ ಅವಳನ್ನು ನೋಡಿದರು. ಪ್ರಾಮಾಣಿಕರೆಂದು ಹೆಸರಾದವರು, ನಿಯಮ ಬಿಟ್ಟು ಒಂದು ಗುಟುಕು ಚಹಾವನ್ನೂ ಕುಡಿದವರಲ್ಲ.

“ನಿಮ್ಮ ಪ್ರಕರಣ ಮುಗೀತಲ್ಲರಿ. ಭಾಲ್ಕಿ ತೋರಿಸಿದ್ವಿ, ನೀವು ಒಪ್ಪಲಿಲ್ಲ. ಉಳಿದ ಜಾಗಾನೂ ಒಂದೊಂದಾಗಿ ತೋರಿಸಿದ್ವಿ, ಯಾವುದಕ್ಕೂ ನೀವು ಹೂಂ ಅನ್ನಲಿಲ್ಲ. ಎಲ್ಲಾ ನಿರಾಕರಿಸೀರಿ ಅಂತ ಬರಕೊಂಡೇವಿ. ಕುಶನೂರದಾಗೇ ಮುಂದುವರೀರಿ.”

“ಸಾಹೇಬ್ರ, ಅದು ದಸ್ತಿರಿ! ದಸ್ತಿ ಹ್ಯಾಂಗ ಹೂಂ ಅಂತದರಿ?”

“ದಸ್ತಿ ಅಂದ್ರ ನೀವೇ ಅಂತ ನೀವೇ ಸುತ್ತೋಲಿ ಕಳಿಸೀರಿ. ಮೊದಲು ನನಗೂ ಡೌಟ್ ಬಂತು. ಹೆಣ್ಣುಮಗಳ ಹೆಸರಿಗೆ ಗಂಡಸರ ದಸ್ತಿ ನಡೀತದೇನು ಅಂತ. ಗಂಡನ ದಸ್ತಿ ಹೆಂಡತಿಗೂ ಆಗತದ ಅಂತ ನಿಮ್ಮ ಸಲುವಾಗಿ ಸಡ್ಲ ಮಾಡಿದೆ.”

ಅಷ್ಟರಲ್ಲಿ ಗುಮಾಸ್ತ ಮೈಕಿನಲ್ಲಿ ಪ್ರಕಟಣೆ ಓದತೊಡಗಿದ: ‘ಈ ಮೊದಲು ಹೆಸರು ಕರೆದಾಗ ಗೈರುಹಾಜರಿದ್ದವರಿಗೆ ಈಗ ಕೊನೆಯದಾಗಿ ಇನ್ನೊಂದು ಅವಕಾಶ ನೀಡಲಾಗುವುದು. ಗೈರುಹಾಜರಿದ್ದವರು ಮುಂದೆ ಬರತಕ್ಕದ್ದು.’ ಇಂಥದೊಂದು ಪದ್ಧತಿ ಮೊದಲಿನಿಂದಲೂ ಇತ್ತು. ಅದನ್ನು ತಿಳಿಸುವ ನೋಟೀಸನ್ನು ಫಲಕದ ಹಿಂಬದಿಗೆ ಅಂಟಿಸಲಾಗಿತ್ತು.

ನಾಲ್ಕೈದು ಮಂದಿ ಎದ್ದು ಬಂದರು. ಅವರೊಡನೆ ಸುಸನ್ನಾಳೂ ನಿಂತಳು.

“ನೀವು ಕೂಡ್ರಿ,” ಎಂದರು ರತ್ನದೀಪ ಸಾಹೇಬರು.

“ನನ್ನೂ ಗೈರುಹಾಜರ್ ಅಂತ ಬರಕೋರಿ ಸಾಹೇಬ್ರ. ಕೈ ಮುಗೀತೇನಿ. ಮುಂಜಾನಿ ನಾ ಖರೇನೇ ಇದ್ದಿಲ್ರಿ. ಔರಾದದಾಗ ಕಟ್ಟಿ ಮ್ಯಾಲ ಕೂತು ಅಳಲಾಕ ಹತ್ತಿದ್ದೆ. ಬೇಕಾದ್ರ ಅಲ್ಲಿಯವರಿಗಿ ಕೇಳ್ರಿ.”

ಸಾಹೇಬರು ಲೇಖಣಿ ಕೆಳಗಿಟ್ಟರು. ಅವರಿಗೆ ನಿಜವಾಗಿ ಬೇಸರವಾಗಿತ್ತು. “ಸಿಸ್ಟರ್, ಹಾಜರಿದ್ದವರಿಗಿ ಗೈರುಹಾಜರ್ ಅಂತ ಬರೀರಿ ಅಂದ್ರ ನಾ ಸುಳ್ಳ ದಾಖಲಿ ಮಾಡಬೇಕೇನ್ರಿ? ಇಪ್ಪತ್ತು ವರ್ಷದ ಸರ್ವಿಸ್‌ದಾಗ ನಾ ಅಂಥಾ ಕೆಲಸ ಮಾಡಿಲ್ಲ. ಖುದ್ದು ಹಾಜರಿದ್ದು ಎಲ್ಲಾ ಜಾಗಾ ಒಲ್ಲೆ ಅಂದವರಿಗಿ ಮುಂದಿನ ಐದು ವರ್ಷ ಕೌನ್ಸೆಲಿಂಗ್ ಇಲ್ಲ. ಇದು ನಿಮಗ ಗೊತ್ತಿರಬೇಕಿತ್ತು.”

ಅಲ್ಲಿಯವರೆಗೆ ಬೇರೆ ಯಾರೂ ಕೇಳದೆ ಉಳಿದಿದ್ದ ಭಾಲ್ಕಿಯ ಹುದ್ದೆ, ಮುಂಜಾನೆಯಿಂದ ಮನೆಯಲ್ಲಿ ಮಲಗಿ ನಿದ್ದೆ ಮಾಡಿ ಬಂದಿದ್ದ ಒಬ್ಬರಿಗೆ ಹೋಯಿತು. ಅವರಿಗೆ ಭಾಲ್ಕಿ ಅಷ್ಟೇನೂ ಬೇಕಿರಲಿಲ್ಲ. ಕೇಳಿದಾಗ ಹೂಂ ಅಂದರು. ಸಭಾಂಗಣದಲ್ಲಿದ್ದವರು ಸುಸನ್ನಾಳನ್ನು ಕನಿಕರದಿಂದ ನೋಡಿ, ಒಳ್ಳೆ ಜಾಗ ತೋರಿಸಿದರೂ ಒಲ್ಲೆ ಅಂದಳಂತೆ, ಜಂಬ ನೋಡು ಎಂದು ಮಾತಾಡಿಕೊಂಡರು. ಕ್ರಿಸ್ಟೋಫರ ಸಹ ಹೊರಗೆ ಬಂದ ಮೇಲೆ, “ಒಂದ ಸಲ ಯಾರರ ಅದರ ತುದಿ ಅಲುಗಾಡಿಸಿದ್ರ ಒಪ್ಪಿಗಿ ಅಂತ ಬರಕೋತಿದ್ರೋ ಏನೋ,” ಎಂದ. ಜಾಯ್ಸ ಅದು ಅಲುಗದಂತೆ ಮುಂಜಾನೆಯಿಂದ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಳು.

ಈ ಪ್ರಕರಣದ ನಂತರ ದಸ್ತಿ ನಿಯಮದ ಕೀರ್ತಿ ಹಬ್ಬಿದೆ. ಜಿಲ್ಲಾಮಟ್ಟದ ಅಧಿಕಾರಿಯೊಬ್ಬರು ಅದನ್ನು ಎತ್ತಿಹಿಡಿದದ್ದಕ್ಕೆ ಸಮಿತಿಯು ಸಾರಂಗನಿಗೆ ಶಾಲು ಹೊದಿಸಿತು, ಶಾಲಿಗೂ ಕೆಂಪಂಚಿತ್ತು. ಹಂಚಿಕೆಯ ಕಾರು ಕೇಂದ್ರದ ಆವರಣದಲ್ಲಿಯೇ ಸರದಿ ಕಾಯುತ್ತ ನಿಂತಿದೆ. ಶಿವರಾಜ ವಾರಕ್ಕೊಮ್ಮೆ ಹೋಗಿ ದಸ್ತಿ ಒಗೆದು ಒಣಗಿಸಿ ಮತ್ತೆ ಅದೇ ಜಾಗದಲ್ಲಿ ಹಾಕಿ ಬರುತ್ತಾನೆ. ಅವನಿಗೆ ಮಾದರಿ ಗ್ರಾಹಕ ಎಂಬ ಪ್ರಶಸ್ತಿಪತ್ರ ಬಂದಿದೆ. ಪ್ರಮಿಲಾ ತನ್ನ ಪಾಲಿನ ಸಾಲದ ಕಂತು ತಪ್ಪದೆ ಕಟ್ಟುತ್ತಾಳೆ. ಕಾರು ಇದ್ದದ್ದರಿಂದ ಅನುಕೂಲವಾಗಿದೆ ಎಂದು ಮೂವರೂ ಕೇಳಿದವರಿಗೆ ಹೇಳುತ್ತಾರೆ. ಸುಸನ್ನಾ ಮೊದಲು ಹೇಳುತ್ತಿರಲಿಲ್ಲ, ಈಗೀಗ ಹೇಳುತ್ತಾಳೆ.

ಅವಳು ಈಗಲೂ ಶನಿವಾರ ಸಂಜೆ ಬಸ್ಸಿನಲ್ಲಿ ಭಾಲ್ಕಿಗೆ ಹೋಗುತ್ತಾಳೆ. ಮೊನ್ನೆ ಹೋದಾಗ ಮನೆಯಲ್ಲಿ ಅಪ್ಪ ಮಗಳು ಊಟಕ್ಕೆ ಕೂತಿದ್ದರು. ಮೂರನೆಯ ಖುರ್ಚಿಯ ಮೇಲೆ ಕೆಂಪಂಚಿನ ದಸ್ತಿ ಹಾಸಿತ್ತು, ಅದರ ಮುಂದೆ ತಾಟಿನಲ್ಲಿ ರೊಟ್ಟಿ ಪಲ್ಯ ಬಡಿಸಿಟ್ಟಿತ್ತು. ಸುಸನ್ನಾ ಕೈಕಾಲು ತೊಳೆದು ಬಂದು, ಕೂಡಲೆಂದು ದಸ್ತಿಗೆ ಕೈ ಹಾಕಿದಳು.

“ಎತ್ತಬ್ಯಾಡ್ರಿ,” ಎಂದಳು ಜಾಯ್ಸ. “ಅಲ್ಲಿ ನಮ್ಮ ಮಮ್ಮಿ ಕೂತಾರ.”

ಸುಸನ್ನಾ ಕ್ರಿಸ್ಟೋಫರನ ಕಡೆಗೆ ನೋಡಿದಳು. ಅವನು ತಾಟಿನಿಂದ ತಲೆ ಎತ್ತಲಿಲ್ಲ. ಅವಳು ದಸ್ತಿಯಿಂದ ಕೈ ತೆಗೆದು, ಒಳಗಿನಿಂದ ಒಂದು ಸ್ಟೂಲು ತಂದುಕೊಂಡು ಪಕ್ಕದಲ್ಲಿ ಕೂತಳು.